ತೂರೆ ಬ್ರಾಂಟ್

ತೂರೆ ಬ್ರಾಂಟ್ (೧೮೧೯–೧೮೯೫) ಸ್ವೀಡನ್ ದೇಶದ ಸೇನಾಧಿಕಾರಿ ಹಾಗೂ ಚಿಕಿತ್ಸಾ ವ್ಯಾಯಾಮದ ಪರಿಣತರು. ಗರ್ಭಕೋಶ ಜಾರುವಿಕೆಯೇ ಮೊದಲಾದ ಸ್ತ್ರೀಯರ ಶ್ರೋಣಿ ಭಾಗದ ತೊಂದರೆಗಳನ್ನು ಅಂಗಮರ್ದನ ಮತ್ತು ವ್ಯಾಯಾಮಗಳಿಂದ ಉಪಚರಿಸುವ ಕ್ರಮವೊಂದನ್ನು ಅವರು ರೂಪಿಸಿದರು. ವೈದ್ಯ ಪದವಿಯಿಲ್ಲದ ಅವರ ವಿಧಾನವು ೧೯ನೆಯ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪಿನ ವೈದ್ಯರ ನಡುವೆ ವ್ಯಾಪಕ ಚರ್ಚೆಗೆ ಒಳಗಾಯಿತು. ಶ್ರೋಣಿ ಆರೋಗ್ಯ ಭೌತಚಿಕಿತ್ಸೆಯ ಆದ್ಯರಲ್ಲಿ ಅವರೂ ಒಬ್ಬರು.

ಶಿಕ್ಷಣ

ಪೆರ್ ಹೆನ್ರಿಕ್ ಲಿಂಗ್ ಅವರು ೧೮೧೩ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ಥಾಪಿಸಿದ ರಾಯಲ್ ಕೇಂದ್ರ ವ್ಯಾಯಾಮ ಸಂಸ್ಥೆಯಲ್ಲಿ ಬ್ರಾಂಟ್ ತರಬೇತಿ ಪಡೆದರು. ಆ ವೇಳೆಗೆ ಲಿಂಗ್ ನಿಧನರಾಗಿದ್ದರು. ಸಂಸ್ಥೆಯು ಲಾರ್ಸ್ ಗೇಬ್ರಿಯಲ್ ಬ್ರಾಂಟಿಂಗ್ ಅವರ ನೇತೃತ್ವದಲ್ಲಿತ್ತು. ಸೈನಿಕ ಹಾಗೂ ಶಾಲಾ ವ್ಯಾಯಾಮಗಳ ಜೊತೆಗೆ ರೋಗಚಿಕಿತ್ಸೆಗೆಂದೇ ಅಲ್ಲಿ ಪ್ರತ್ಯೇಕ ಶಿಕ್ಷಣವಿತ್ತು. ಸೇನಾಧಿಕಾರಿಗಳು ಈ ತರಬೇತಿ ಪಡೆದು ರೋಗಿಗಳನ್ನು ಉಪಚರಿಸುವುದು ಅಂದಿನ ಸ್ವೀಡನ್ನಿನಲ್ಲಿ ಸಾಮಾನ್ಯವಾಗಿತ್ತು.

ಶ್ರೋಣಿ ಚಿಕಿತ್ಸೆಯತ್ತ

೧೮೪೭ರಲ್ಲಿ ಗುದನಾಳ ಜಾರಿದ್ದ ಸೈನಿಕನೊಬ್ಬನನ್ನು ಬ್ರಾಂಟ್ ಉಪಚರಿಸಬೇಕಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟು ಕರುಳನ್ನು ಮೇಲ್ಮುಖವಾಗಿ ಎತ್ತುವ ಅವರ ಪ್ರಯತ್ನ ಫಲಿಸಿತು. ಇದೇ ತತ್ತ್ವವನ್ನು ಜಾರಿದ ಗರ್ಭಕೋಶಕ್ಕೂ ಅನ್ವಯಿಸಬಹುದೆಂಬ ಆಲೋಚನೆ ಅಲ್ಲಿಂದ ಬೆಳೆಯಿತು. ಆದರೆ ಮಹಿಳೆಯೊಬ್ಬರಿಗೆ ಈ ಚಿಕಿತ್ಸೆ ನೀಡಲು ಅವರು ೧೮೬೧ರವರೆಗೆ ಕಾಯಬೇಕಾಯಿತು.

ಆ ಕಾಲದಲ್ಲಿ ಗರ್ಭಕೋಶ ಜಾರಿದ ಮಹಿಳೆಯರಿಗೆ ಪೆಸರಿ ಎಂಬ ಆಸರೆ ಉಂಗುರವೇ ಮುಖ್ಯ ಪರಿಹಾರವಾಗಿತ್ತು. ಸೋಂಕಿನ ಭಯದಿಂದ ಶಸ್ತ್ರಚಿಕಿತ್ಸೆ ಅಪಾಯಕಾರಿಯಾಗಿತ್ತು. ಹೆರಿಗೆಯ ನಂತರದ ಈ ಬಾಧೆಯನ್ನು ಅನೇಕರು ಸಂಕೋಚದಿಂದ ಮೌನವಾಗಿ ಸಹಿಸುತ್ತಿದ್ದರು.

ಚಿಕಿತ್ಸಾ ವಿಧಾನ

ಬ್ರಾಂಟ್ ಅವರ ಕ್ರಮದಲ್ಲಿ ಎರಡು ಅಂಗಗಳಿದ್ದವು. ಮೊದಲನೆಯದು, ಒಂದು ಕೈಯ ಬೆರಳಿನಿಂದ ಒಳಗಿನಿಂದ ಆಧಾರ ಕೊಟ್ಟು, ಇನ್ನೊಂದು ಕೈಯಿಂದ ಹೊಟ್ಟೆಯ ಮೇಲೆ ಮೃದುವಾಗಿ ಮರ್ದನ ಮಾಡುವುದು. ಅಗತ್ಯವಿದ್ದಲ್ಲಿ ಸಹಾಯಕರ ನೆರವಿನಿಂದ ಗರ್ಭಕೋಶವನ್ನು ಮೇಲೆತ್ತುವುದು. ಎರಡನೆಯದು ವ್ಯಾಯಾಮ: ರೋಗಿಯು ಮಲಗಿ ಸೊಂಟವನ್ನೆತ್ತಿ, ಚಿಕಿತ್ಸಕರು ಒಡ್ಡುವ ಪ್ರತಿರೋಧಕ್ಕೆ ಎದುರಾಗಿ ಮಂಡಿಗಳನ್ನು ಕೂಡಿಸಬೇಕಿತ್ತು. ಶ್ರೋಣಿ ತಳದ ಸ್ನಾಯುಗಳನ್ನು ಬಲಪಡಿಸುವುದು ಇದರ ಉದ್ದೇಶವಾಗಿತ್ತು. ಅಂಗವನ್ನು ಹೊರಗಿನ ಆಸರೆಯಿಂದ ಹಿಡಿದಿಡುವ ಬದಲು ದೇಹದ ಸ್ವಂತ ಬಲವನ್ನೇ ಮರಳಿ ಗಳಿಸಬಹುದೆಂಬ ನಂಬಿಕೆ ಈ ವಿಧಾನದ ತಿರುಳು.

ವೈದ್ಯರ ಪರೀಕ್ಷೆ

ವೈದ್ಯರಲ್ಲದವರು ಸ್ತ್ರೀಯರಿಗೆ ಇಂತಹ ಚಿಕಿತ್ಸೆ ನೀಡುವುದನ್ನು ಹಲವು ವೈದ್ಯರು ಆಕ್ಷೇಪಿಸಿದರು. ೧೮೮೬ರಲ್ಲಿ ಬ್ರಾಂಟ್ ಜರ್ಮನಿಯ ಯೇನಾ ನಗರಕ್ಕೆ ತೆರಳಿ, ಪ್ರಸೂತಿತಜ್ಞ ಬರ್ನ್‌ಹಾರ್ಡ್ ಸಿಗ್ಮಂಡ್ ಶುಲ್ಟ್ಸೆ ಅವರ ಚಿಕಿತ್ಸಾಲಯದಲ್ಲಿ ವೈದ್ಯರ ಸಮ್ಮುಖದಲ್ಲಿ ರೋಗಿಗಳನ್ನು ಉಪಚರಿಸಿ ತೋರಿಸಿದರು. ಪೌಲ್ ಪ್ರೊಫಾಂಟರ್ ಎಂಬ ವೈದ್ಯರು ೧೮೮೭ರಲ್ಲಿ ಈ ವಿಧಾನದ ಕುರಿತು ಗ್ರಂಥ ಪ್ರಕಟಿಸಿದರು. ಬ್ರಾಂಟ್ ಅವರ ಸ್ವಂತ ಗ್ರಂಥವು ೧೮೯೧ರಲ್ಲಿ ಜರ್ಮನ್ ಭಾಷೆಯಲ್ಲಿ ಹೊರಬಂದಿತು. ಮನ್ನಣೆಯೊಡನೆ ವಿರೋಧವೂ ಮುಂದುವರಿಯಿತು. ಒಳಗೆ ಸೋಂಕಿದ್ದಾಗ ಮರ್ದನದಿಂದ ಅದು ಹರಡಬಹುದೆಂಬುದು ಟೀಕಾಕಾರರ ಮುಖ್ಯ ಆತಂಕವಾಗಿತ್ತು.

ಪ್ರಭಾವ

ಬ್ರಾಂಟ್ ೧೮೯೫ರಲ್ಲಿ ನಿಧನರಾದರು. ಶಸ್ತ್ರಚಿಕಿತ್ಸೆ ಸುರಕ್ಷಿತವಾಗುತ್ತ ಬಂದಂತೆ ಅವರ ಮರ್ದನ ವಿಧಾನವು ಬಹುಪಾಲು ಹಿಂದೆ ಸರಿಯಿತು. ಇಂದು ಅದು ರೂಢಿಯ ಚಿಕಿತ್ಸೆಯಲ್ಲ. ಆದರೆ ಶ್ರೋಣಿ ತಳದ ಸ್ನಾಯುಗಳಿಗೆ ವ್ಯಾಯಾಮ ನೀಡುವ ಕಲ್ಪನೆ ಉಳಿಯಿತು. ೧೯೪೮ರಲ್ಲಿ ಅಮೆರಿಕದ ಸ್ತ್ರೀರೋಗತಜ್ಞ ಆರ್ನಾಲ್ಡ್ ಕೆಗೆಲ್ ಅವರ ಬರಹದಿಂದ ಇಂತಹ ವ್ಯಾಯಾಮಗಳು ಜಗತ್ತಿನೆಲ್ಲೆಡೆ ಪ್ರಸಿದ್ಧವಾದವು. ಕೆಮ್ಮಿದಾಗ ಅಥವಾ ಭಾರ ಎತ್ತಿದಾಗ ಮೂತ್ರ ಸೋರುವ ತೊಂದರೆಗೆ, ತರಬೇತಾದ ಭೌತಚಿಕಿತ್ಸಕರ ಮಾರ್ಗದರ್ಶನದಲ್ಲಿ ಮಾಡುವ ಸ್ನಾಯು ವ್ಯಾಯಾಮವು ಇಂದು ಮೊದಲ ಹಂತದ ಚಿಕಿತ್ಸೆಯಾಗಿದೆ.