ವಾದಿ ವಿದ್ಯಾನಂದರು

ಕನ್ನಡ ನಾಡಿನಲ್ಲಿ ವಾದವಿದ್ಯೆಯಿಂದ ಹೆಸರಾಂತ ಮಹನೀಯರಲ್ಲಿ ಕ್ರಿ. ಶ. 16ನೆಯ ಶತಮಾನದ ವಾದಿ ವಿದ್ಯಾನಂದರು ಅಗ್ರಗಣ್ಯರು. ಇವರು ಜೈನಯತಿಗಳು. ಮತವು ಬೇರೆಯಾದರೂ ವಿದ್ಯೆಯು ಸರ್ವರ ಸೊತ್ತಾದುದರಿಂದ ಇವರ ಚರಿತ್ರೆಯು ಎಲ್ಲರಿಗೂ ಮನನೀಯವಾಗಿದೆ.

ಆ ಕಾಲದಲ್ಲಿ ವಾದವು ಬರಿಯ ಮಾತಿನ ಮಲ್ಲಯುದ್ಧವಾಗಿರಲಿಲ್ಲ. ಅದಕ್ಕೆ ಶಾಸ್ತ್ರವಿತ್ತು, ಸಭೆಯಿತ್ತು, ಮಧ್ಯಸ್ಥರಿದ್ದರು. ಎದುರಾಳಿಯ ಪೂರ್ವಪಕ್ಷವನ್ನು ಸರಿಯಾಗಿ ಅನುವಾದಿಸಿದ ಬಳಿಕವೇ ಅದನ್ನು ಖಂಡಿಸಬೇಕು. ಹೇತುವನ್ನೂ ದೃಷ್ಟಾಂತವನ್ನೂ ಕೊಟ್ಟು ಸ್ವಪಕ್ಷವನ್ನು ಸಾಧಿಸಬೇಕು. ಸೋಲನ್ನು ನಿಶ್ಚಯಿಸಲು ನ್ಯಾಯಶಾಸ್ತ್ರವು 22 ನಿಗ್ರಹಸ್ಥಾನಗಳನ್ನು ಎಣಿಸಿದೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ, ಗೆಲವಿಗಾಗಿ ನಡೆಯುವುದು ಜಲ್ಪ, ಸ್ವಪಕ್ಷವನ್ನು ಸ್ಥಾಪಿಸದೆ ಪರರನ್ನು ಹಳಿಯುವುದೇ ವಿತಂಡ ಎಂದು ಅದು ವಿಭಾಗಿಸಿದೆ.

ಶಿವಮೊಗ್ಗ ಜಿಲ್ಲೆಯ ಹುಂಚದಲ್ಲಿ ಸುಮಾರು 1530ರದೆಂದು ವಿದ್ವಾಂಸರು ಎಣಿಸಿದ ಶಿಲಾಶಾಸನವೊಂದಿದೆ. ವಿದ್ಯಾನಂದರ ವಾದಯಾತ್ರೆಯು ಅದರಲ್ಲಿ ವಿಸ್ತಾರವಾಗಿ ವರ್ಣಿತವಾಗಿದೆ. ಶಿವಭಕ್ತರಾದ ಚಂಗಾಳ್ವರ ನಂಜರಾಜಪಟ್ಟಣ, ಪೆರಂಗಿಯರ ಮತದ ಪ್ರತಿನಿಧಿಯೊಡನೆ ವಾದ ನಡೆದ ಶ್ರೀರಂಗಪಟ್ಟಣ, ಬಿಳಿಗಿ, ಕಾರ್ಕಳ, ಕೃಷ್ಣದೇವರಾಯನ ಆಸ್ಥಾನ, ಹೀಗೆ ಸಭೆಯಿಂದ ಸಭೆಗೆ ಆ ಯತಿಗಳು ನಡೆದರು. ಬಿದಿರೆಯ, ಎಂದರೆ ಇಂದಿನ ಮೂಡಬಿದಿರೆಯ, ಭವ್ಯಜನರ ಸಭೆಯೂ ಆ ಶಾಸನದಲ್ಲಿ ಸ್ಮೃತವಾಗಿದೆ. 1430ರಲ್ಲಿ ಸಾವಿರಕಂಬದ ಬಸದಿಯು ಎದ್ದುನಿಂತಿದ್ದ ಆ ಊರು ಶಾಸ್ತ್ರಗ್ರಂಥಗಳ ನೆಲೆವೀಡಾಗಿತ್ತು. ಅಲ್ಲಿನ ಶ್ರೋತೃಗಳು ಬರಿಯ ವಾಗ್ಝರಿಗೆ ಮರುಳಾಗತಕ್ಕವರಲ್ಲ.

ಆದರೆ ಈ ಶಾಸನವು ಸ್ವಪಕ್ಷದವರ ಪ್ರಶಸ್ತಿಯೆಂಬುದನ್ನು ಮರೆಯಲಾಗದು. ಗೆದ್ದವರ ಹೆಸರು ಕಲ್ಲಿನಲ್ಲಿ ಉಳಿಯಿತು. ಸೋತವರು ಏನನ್ನು ಪ್ರತಿಪಾದಿಸಿದರೆಂಬುದು ಉಳಿಯಲಿಲ್ಲ. ವಿದ್ಯಾನಂದರು ಆಡಿದ ಯುಕ್ತಿಗಳಾದರೂ ಸಭೆಯೊಡನೆಯೇ ಮುಗಿದುವು. ಹಾಗಾದರೆ ಅವರಿಂದ ನಾಡಿಗೆ ನಿಂತ ಲಾಭವೇನು?

ಗೇರುಸೊಪ್ಪೆಯ ಅಭಿನವ ವಾದಿ ವಿದ್ಯಾನಂದರೆಂಬವರು ‘ಕಾವ್ಯಸಾರ’ವೆಂಬ ಸಂಕಲನವನ್ನು ರಚಿಸಿರುವರು. ಅವರೂ ಇವರೂ ಒಬ್ಬರೇ ಎಂದು ಚರಿತ್ರಕಾರರು ಗ್ರಹಿಸಿದ್ದಾರೆ. ಪೂರ್ವಕವಿಗಳ ಪದ್ಯಗಳನ್ನು 45 ವಿಷಯಗಳಾಗಿ ವಿಂಗಡಿಸಿ ಅದರಲ್ಲಿ ಪೋಣಿಸಲಾಗಿದೆ. ತನ್ನ ಮಾತನ್ನು ಮೆರೆಸಿದ ವಾದಿಯು ಅನ್ಯರ ಮಾತನ್ನು ಕಾಪಾಡುವ ಕಾರ್ಯಕ್ಕೆ ಕೈಯಿಕ್ಕಿದನೆಂಬುದು ಸಾಮಾನ್ಯವಲ್ಲ. ಪರರ ಮಾತನ್ನು ಶ್ರದ್ಧೆಯಿಂದ ಕೇಳಿದವನಿಗಲ್ಲದೆ ಇಂತಹ ಆಯ್ಕೆಯು ಸಾಧ್ಯವಾಗದು.

1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಾಲೇಜು ತರುಣರು ಇಂದು ಗಂಟೆಯ ಸದ್ದಿಗೆ ಮಾತು ನಿಲ್ಲಿಸಿ, ಬಹುಮಾನಕ್ಕಾಗಿ ಚರ್ಚಾಸ್ಪರ್ಧೆಗಳಲ್ಲಿ ಸೆಣಸುವರು. ಗೆಲವನ್ನು ಬಯಸುವುದು ತಾರುಣ್ಯದ ಸಹಜಧರ್ಮ. ಆದರೂ ಎದುರು ಪಕ್ಷವನ್ನು ಅದರ ಪೂರ್ಣಬಲದೊಡನೆ ಅರಿತು ಮಾತನಾಡುವ ಹಳೆಯ ಕಟ್ಟಳೆಯನ್ನು ಅವರು ಮರೆಯದಿದ್ದರೆ, ಜಲ್ಪವು ವಾದವಾಗಿ ಏರುವುದು. ಬಿದಿರೆಯ ಸಭೆಯಲ್ಲಿ ನಿಂತ ಆ ಯತಿಗಳ ಸ್ಮರಣೆಗೆ ಇದಕ್ಕಿಂತ ಮಿಗಿಲಾದ ಗೌರವವಿಲ್ಲ.