ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲ್ಲೂಕುಗಳ ಎರೆಭೂಮಿಯಲ್ಲಿ ಹಿಂಗಾರಿನ ಜೋಳ ಹಾಲುಗಾಳಿಗೆ ಬರುವ ಹೊತ್ತಿಗೆ ಆಕಾಶದಲ್ಲಿ ಹಕ್ಕಿಗಳ ದೊಡ್ಡ ದೊಡ್ಡ ಹಿಂಡುಗಳು ಕಾಣಿಸಿಕೊಳ್ಳುತ್ತವೆ. ಗುಲಾಬಿ ಬಣ್ಣದ ಮೈಯೂ ಕಪ್ಪು ತಲೆಯೂ ಉಳ್ಳ ಈ ಕಬ್ಬಕ್ಕಿಗಳು ಈ ನಾಡಿನವಲ್ಲ. ಮಧ್ಯ ಏಷ್ಯದ ಹುಲ್ಲುಗಾವಲುಗಳಲ್ಲಿ ಮರಿಮಾಡಿ, ಚಳಿಗಾಲವನ್ನು ಕಳೆಯಲು ಅವು ಸಾವಿರಾರು ಮೈಲಿ ಹಾರಿ ಬರುತ್ತವೆ. ರೈತನು ಮಂಚಿಕೆಯೇರಿ ಕವಣೆ ಬೀಸಿ ಅವುಗಳನ್ನು ಓಡಿಸುತ್ತಾನೆ. ಇಂಥ ಹಕ್ಕಿಗಳು ಯಾವ ದಾರಿಯಿಂದ ಬರುತ್ತವೆ? ಬರುವಾಗ ತಮ್ಮ ಮೈಮೇಲೆ ಏನನ್ನು ಹೊತ್ತು ತರುತ್ತವೆ? ನೋಡಲು ಸರಳವಾದ ಈ ಪ್ರಶ್ನೆಗಳು ಮನುಷ್ಯನ ಆರೋಗ್ಯಕ್ಕೂ ಸಂಬಂಧಿಸಿದವು. ಭಾರತದಲ್ಲಿ ಇವಕ್ಕೆ ಉತ್ತರ ಹುಡುಕಲು ಶ್ರಮಿಸಿದವರಲ್ಲಿ ಅಗ್ರಗಣ್ಯರು ಸಲೀಂ ಅಲಿ.

ಸಲೀಂ ಅಲಿಯವರು 1896ನೆಯ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಹುಟ್ಟಿದ ಮರುವರ್ಷವೇ ತಂದೆ ತೀರಿಕೊಂಡರು. ಮೂರನೆಯ ವಯಸ್ಸಿನಲ್ಲಿ ತಾಯಿಯೂ ಇಲ್ಲವಾದರು. ತಬ್ಬಲಿಗಳಾದ ಮಕ್ಕಳನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ತಮ್ಮ ಮನೆಯಲ್ಲಿ ಇರಿಸಿಕೊಂಡು ಪ್ರೀತಿಯಿಂದ ಸಾಕಿದರು. ಮಾವ ಕೊಟ್ಟ ಆಟದ ಬಂದೂಕಿನಿಂದ ಬಾಲಕ ಸಲೀಂ ಒಮ್ಮೆ ಒಂದು ಗುಬ್ಬಿಯನ್ನು ಹೊಡೆದನು. ಕೈಗೆತ್ತಿಕೊಂಡು ನೋಡಿದಾಗ ಅದರ ಕೊರಳಿನಲ್ಲಿ ಹಳದಿ ಬಣ್ಣದ ಗುರುತು ಕಾಣಿಸಿತು. ಅದು ಮನೆಯ ಸೂರಿನಲ್ಲಿ ಗೂಡುಕಟ್ಟುವ ಗುಬ್ಬಿಯಾಗಿರಲಿಲ್ಲ. ಅದು ಯಾವ ಹಕ್ಕಿಯೆಂದು ಮಾವನಿಗೂ ತಿಳಿಯಲಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿಗಳಾಗಿದ್ದ ಮಿಲಾರ್ಡ್ ಎಂಬುವರ ಬಳಿಗೆ ಕಳುಹಿಸಿದರು.

1883ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯು ನಿಸರ್ಗದ ಅಧ್ಯಯನಕ್ಕೆ ಮೀಸಲಾದುದು. ಮಿಲಾರ್ಡರು ಹುಡುಗನನ್ನು ಆದರದಿಂದ ಬರಮಾಡಿಕೊಂಡು ಹಕ್ಕಿಯನ್ನು ಗುರುತಿಸಿ ಹೇಳಿದರು. ಅಷ್ಟಕ್ಕೆ ನಿಲ್ಲದೆ ಕಪಾಟಿನ ಸೆಳೆಖಾನೆಗಳನ್ನು ಒಂದೊಂದಾಗಿ ಎಳೆದು, ಅಲ್ಲಿ ಸಾಲುಸಾಲಾಗಿ ಮಲಗಿಸಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಸತ್ತ ಹಕ್ಕಿಯ ಚರ್ಮವನ್ನು ಸುಲಿದು, ಹುಳು ಹಿಡಿಯದಂತೆ ಔಷಧ ಸವರಿ, ಒಳಗೆ ಹತ್ತಿ ತುಂಬಿ ಹೊಲಿದು ಇಟ್ಟ ಮಾದರಿಗಳು ಅವು. ಪ್ರತಿಯೊಂದರ ಕಾಲಿಗೂ ಒಂದು ಸಣ್ಣ ಚೀಟಿ ಕಟ್ಟಿತ್ತು. ಹಕ್ಕಿಯ ಹೆಸರು, ಅದು ದೊರೆತ ಊರು, ದಿನಾಂಕ, ಗಂಡೋ ಹೆಣ್ಣೋ ಎಂಬ ವಿವರ, ಸಂಗ್ರಹಿಸಿದವರ ಹೆಸರು ಇಷ್ಟನ್ನು ಅದರಲ್ಲಿ ಬರೆದಿತ್ತು. ಈ ನೋಟವು ಬಾಲಕನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ಕೆಲವು ದಿನಗಳಲ್ಲಿಯೇ ಅವನು ಅಲ್ಲಿಗೆ ಹೋಗಿ ಮಾದರಿಗಳನ್ನು ಸಿದ್ಧಪಡಿಸುವ ಕಲೆಯನ್ನು ಕಲಿಯತೊಡಗಿದನು.

ಸಲೀಂ ಅಲಿಯವರ ಮುಂದಿನ ಹಾದಿ ಸುಗಮವಾಗಿರಲಿಲ್ಲ. ಕಾಲೇಜಿನ ಓದು ಅರ್ಧಕ್ಕೆ ನಿಂತಿತು. ಕುಟುಂಬದ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಬರ್ಮಾಕ್ಕೆ ಹೋದರು. ವ್ಯಾಪಾರಕ್ಕಿಂತ ಅಲ್ಲಿನ ಕಾಡಿನ ಹಕ್ಕಿಗಳೇ ಅವರನ್ನು ಸೆಳೆದವು. ವಿಶ್ವವಿದ್ಯಾಲಯದ ಪದವಿ ಇಲ್ಲದ ಕಾರಣ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಲ್ಲಿ ಪಕ್ಷಿತಜ್ಞರ ಹುದ್ದೆ ಅವರಿಗೆ ದೊರೆಯಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ನೋಡಲು ಬಂದವರಿಗೆ ವಿವರಿಸಿ ಹೇಳುವ ಉಪನ್ಯಾಸಕರಾಗಿ ಸೇರಿದರು. ಹೆಚ್ಚಿನ ಜ್ಞಾನವನ್ನು ಬಯಸಿ ಜರ್ಮನಿಗೆ ತೆರಳಿ, ಬರ್ಲಿನ್ನಿನ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ ಪ್ರಸಿದ್ಧ ವಿದ್ವಾಂಸರಾದ ಸ್ಟ್ರೆಸೆಮಾನ್ನರ ಬಳಿ ಅಭ್ಯಾಸ ಮಾಡಿದರು. 1930ರಲ್ಲಿ ಸ್ವದೇಶಕ್ಕೆ ಮರಳಿದಾಗ, ಹಣದ ಅಭಾವದಿಂದ ಅವರ ಹುದ್ದೆಯೇ ರದ್ದಾಗಿತ್ತು.

ಸಂಬಳವಿಲ್ಲದಿದ್ದರೂ ಅವರು ಎದೆಗುಂದಲಿಲ್ಲ. ಕಡಲತೀರದ ಕಿಹಿಮ್ ಎಂಬ ಹಳ್ಳಿಯಲ್ಲಿ ನೆಲೆಸಿ ಗೀಜಗ ಹಕ್ಕಿಯ ಜೀವನವನ್ನು ದಿನವಿಡೀ ಗಮನಿಸಿ ಬರೆದ ಲೇಖನ ಅವರಿಗೆ ಕೀರ್ತಿಯನ್ನು ತಂದಿತು. ಬಳಿಕ ದೇಶೀಯ ಸಂಸ್ಥಾನಗಳ ಪಕ್ಷಿಸಂಪತ್ತನ್ನು ಸಮೀಕ್ಷೆ ಮಾಡುವ ಯೋಜನೆಯನ್ನು ಅವರೇ ಮುಂದಿಟ್ಟರು. ತಮಗೆ ಸಂಬಳ ಬೇಡ, ಪ್ರವಾಸದ ವೆಚ್ಚ ಮಾತ್ರ ಸಾಕು ಎಂಬುದು ಅವರ ಕರಾರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿಗಳ ಸಮೀಕ್ಷೆ ಹೀಗೆ ನಡೆಯಿತು. ಈ ಪ್ರವಾಸಗಳಲ್ಲಿ ಪತ್ನಿ ತೆಹಮೀನಾ ಅವರಿಗೆ ಆಸರೆಯಾಗಿದ್ದರು. 1939ರಲ್ಲಿ ಶಸ್ತ್ರಚಿಕಿತ್ಸೆಯ ತರುವಾಯ ಆಕೆ ಅಕಾಲದಲ್ಲಿ ಮರಣ ಹೊಂದಿದರು. ಈ ಆಘಾತವನ್ನು ಸಲೀಂ ಅಲಿಯವರು ಕೆಲಸದಲ್ಲಿ ಮುಳುಗಿ ಸಹಿಸಿಕೊಂಡರು. 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಯಿತು. ಆಗ ಧಾರವಾಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಆ ಸಮೀಕ್ಷೆಯ ಎಲ್ಲೆಯೊಳಗೆ ಬರಲಿಲ್ಲ.

ಸಲೀಂ ಅಲಿಯವರ ಕಾಲದಲ್ಲಿ ಶಾಸ್ತ್ರೀಯ ಅಧ್ಯಯನಕ್ಕಾಗಿ ಹಕ್ಕಿಗಳನ್ನು ಹೊಡೆಯುವುದು ಅನಿವಾರ್ಯವಾಗಿತ್ತು. ಅವರು ಅದನ್ನು ವಿನೋದವೆಂದು ಭಾವಿಸಲಿಲ್ಲ. ಒಂದು ಜೀವವನ್ನು ತೆಗೆದ ಮೇಲೆ ಅದರ ವಿವರವನ್ನು ಕರಾರುವಾಕ್ಕಾಗಿ ಬರೆದಿಡುವುದು ಸಂಗ್ರಾಹಕನ ಹೊಣೆ. ಚೀಟಿಯಿಲ್ಲದ ಹಕ್ಕಿ ಬರಿಯ ಗರಿಗಳ ಕಟ್ಟು. ಊರು ಮತ್ತು ದಿನಾಂಕ ಇದ್ದರೆ ಅದೇ ಹಕ್ಕಿ ಒಂದು ಕಾಲದ ಸಾಕ್ಷಿ. ಆ ಸಾಕ್ಷಿ ಯಾವ ಪ್ರಶ್ನೆಗೆ ಉತ್ತರ ಹೇಳೀತೆಂಬುದು ಬರೆಯುವವನಿಗೆ ಆಗ ತಿಳಿದಿರಬೇಕಾಗಿಲ್ಲ.

1957ರಲ್ಲಿ ಅಂಥದೊಂದು ಪ್ರಶ್ನೆ ಕನ್ನಡನಾಡಿನಲ್ಲಿಯೇ ಎದ್ದಿತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಅದರ ಹಿಂದೆಯೇ ಸೌದೆಗೆ, ದನ ಮೇಯಿಸಲು ಕಾಡಿಗೆ ಹೋದ ಹಳ್ಳಿಗರು ತೀವ್ರ ಜ್ವರಕ್ಕೆ ತುತ್ತಾದರು, ಹಲವರು ಅಸುನೀಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ರೋಗದ ವೈರಸ್ಸನ್ನು ಪತ್ತೆಹಚ್ಚಿದರು. ದನಕರುಗಳ ಮೈಗೆ ಅಂಟುವ ಉಣ್ಣೆಯ ಜಾತಿಗೆ ಸೇರಿದ, ಕಾಡಿನ ಉಣುಗುಗಳ ಕಡಿತದಿಂದ ಅದು ಹರಡುತ್ತದೆಂಬುದೂ ಗೊತ್ತಾಯಿತು. ಜನರು ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಈ ವೈರಸ್ಸು ರಷ್ಯದಲ್ಲಿ ಉಣುಗುಗಳಿಂದ ಹರಡುವ ಒಂದು ರೋಗದ ವೈರಸ್ಸನ್ನು ಹೋಲುತ್ತಿತ್ತು. ಹಾಗಾದರೆ ಸೈಬೀರಿಯದ ಕಡೆಯಿಂದ ಬರುವ ವಲಸೆ ಹಕ್ಕಿಗಳು ಉಣುಗುಗಳನ್ನೂ ರೋಗವನ್ನೂ ಹೊತ್ತು ತಂದಿರಬಹುದೇ ಎಂಬ ಸಂಶಯ ಮೂಡಿತು.

ವಲಸೆ ಹಕ್ಕಿಗಳಿಗೆ ಉಂಗುರ ತೊಡಿಸಿ ಅವುಗಳ ದಾರಿಯನ್ನು ಅರಿಯಬೇಕೆಂಬುದು ಸಲೀಂ ಅಲಿಯವರ ಬಹುದಿನದ ಹಂಬಲವಾಗಿತ್ತು, ಹಣವಿರಲಿಲ್ಲ. ಈಗ ವಿಶ್ವ ಆರೋಗ್ಯ ಸಂಸ್ಥೆಯು ಆಸಕ್ತಿ ವಹಿಸಿದ್ದರಿಂದ 1960ರ ದಶಕದಲ್ಲಿ ಆ ಕಾರ್ಯ ದೊಡ್ಡ ಪ್ರಮಾಣದಲ್ಲಿ ಸಾಗಿತು. ಸೂಕ್ಷ್ಮವಾದ ಬಲೆಗಳನ್ನು ಕಟ್ಟಿ ಹಕ್ಕಿಗಳನ್ನು ಜೀವಂತವಾಗಿ ಹಿಡಿಯುವುದು, ಮೈಮೇಲಿನ ಉಣುಗುಗಳನ್ನು ಬಿಡಿಸಿ ಸೀಸೆಯಲ್ಲಿಡುವುದು, ಕಾಲಿಗೆ ಅಂಕಿಯುಳ್ಳ ಹಗುರವಾದ ಲೋಹದ ಉಂಗುರ ತೊಡಿಸಿ ಹಾರಿಬಿಡುವುದು, ಎಲ್ಲವನ್ನೂ ದಾಖಲೆಯ ಪುಸ್ತಕದಲ್ಲಿ ಬರೆಯುವುದು ಇವು ಅಲ್ಲಿಯ ಕೆಲಸಗಳು. ಹಣದಲ್ಲಿ ಒಂದು ಭಾಗ ಅಮೆರಿಕದ ಸೇನಾ ಸಂಶೋಧನಾ ವಿಭಾಗದಿಂದ ಬಂದುದಕ್ಕಾಗಿ 1970ರ ದಶಕದಲ್ಲಿ ಆಕ್ಷೇಪಗಳೂ ಎದ್ದವು. ಸಲೀಂ ಅಲಿಯವರು ಆರೋಪಗಳನ್ನು ನಿರಾಕರಿಸಿ ತಮ್ಮ ಕೆಲಸದಲ್ಲಿ ನಿರತರಾದರು. ಇಲ್ಲಿ ಉಂಗುರ ತೊಟ್ಟ ಹಲವು ಹಕ್ಕಿಗಳು ದೂರದ ಸೋವಿಯತ್ ದೇಶದಲ್ಲಿ ಸಿಕ್ಕಿ, ವಲಸೆಯ ದಾರಿಗಳು ತಿಳಿದುಬಂದವು. ಆದರೆ ಮಂಗನ ಕಾಯಿಲೆಯನ್ನು ಸೈಬೀರಿಯದ ಹಕ್ಕಿಗಳು ತಂದವೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ಊಹೆ ನಿಲ್ಲಲಿಲ್ಲವೆಂದು ತೋರಿಸುವುದೂ ವಿಜ್ಞಾನದ ಒಂದು ಗೆಲುವೇ ಸರಿ.

ಸಲೀಂ ಅಲಿಯವರು 1941ರಲ್ಲಿ ಭಾರತದ ಪಕ್ಷಿಗಳನ್ನು ಕುರಿತ ಜನಪ್ರಿಯ ಗ್ರಂಥವನ್ನೂ, ಮುಂದೆ ಡಿಲನ್ ರಿಪ್ಲಿಯವರೊಡನೆ ಹತ್ತು ಸಂಪುಟಗಳ ಕೈಪಿಡಿಯನ್ನೂ ಪ್ರಕಟಿಸಿದರು. 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಅವರಿಗೆ ಸಂದಿತು. ಅದೇ ವರ್ಷ ದೊರೆತ ಅಂತರರಾಷ್ಟ್ರೀಯ ಪ್ರಶಸ್ತಿಯ ಹಣವನ್ನು ನಿಸರ್ಗ ಸಂರಕ್ಷಣೆಯ ನಿಧಿಗೆ ಮೀಸಲಿಟ್ಟರು. 1987ರ ಜೂನ್ 20ರಂದು, ತೊಂಬತ್ತರ ಇಳಿವಯಸ್ಸಿನಲ್ಲಿ ಅವರು ನಿಧನರಾದರು.

ಅವರ ನಿಧನಾನಂತರ ಹಳೆಯ ಮಾದರಿಗಳ ಬೆಲೆ ಮತ್ತಷ್ಟು ಹೆಚ್ಚಿದೆ. ಇಂದು ಜಗತ್ತಿನ ಅನೇಕ ವಸ್ತುಸಂಗ್ರಹಾಲಯಗಳು ತಮ್ಮ ಮಾದರಿಗಳ ಛಾಯಾಚಿತ್ರ ತೆಗೆದು, ಚೀಟಿಯ ಬರಹವನ್ನು ಕಂಪ್ಯೂಟರಿಗೆ ಸೇರಿಸಿ, ಊರಿನ ಹೆಸರಿಗೆ ಅಕ್ಷಾಂಶ ರೇಖಾಂಶಗಳನ್ನು ಕೂಡಿಸುತ್ತಿವೆ. ಹಿಂದೆ ಒಂದು ಕಪಾಟಿನಲ್ಲಿ ಅಡಗಿದ್ದ ಮಾಹಿತಿಯನ್ನು ಈಗ ಯಾವ ಊರಿನ ವಿದ್ಯಾರ್ಥಿಯಾದರೂ ನೋಡಬಹುದು. ಅಮೆರಿಕದಲ್ಲಿ 2019ರಿಂದ ಇಪ್ಪತ್ತಕ್ಕೂ ಹೆಚ್ಚು ಸಂಗ್ರಹಾಲಯಗಳು ಒಗ್ಗೂಡಿ ಉಣುಗು, ಹೇನು, ಚಿಗಟ, ಸೊಳ್ಳೆಗಳ ಮಾದರಿಗಳನ್ನು ಹೀಗೆ ದಾಖಲಿಸುವ ಕಾರ್ಯವನ್ನು ಕೈಗೊಂಡವು. ಯಾವ ಪರೋಪಜೀವಿ ಯಾವ ಪ್ರಾಣಿಯ ಮೇಲೆ, ಯಾವ ಊರಿನಲ್ಲಿ, ಯಾವ ವರ್ಷ ಇತ್ತೆಂಬುದನ್ನು ನಕ್ಷೆಯ ಮೇಲೆ ಗುರುತಿಸಿದರೆ, ಅದು ಹೊಸ ಪ್ರದೇಶಕ್ಕೆ ಹಬ್ಬುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ರೋಗ ಬರುವ ಮುನ್ನವೇ ಎಚ್ಚರ ವಹಿಸಲು ಇದು ನೆರವಾಗುತ್ತದೆ.

ಸಂಗ್ರಹದ ಹಕ್ಕಿಗಳು ಈ ಬಗೆಯ ಸಾಕ್ಷ್ಯವನ್ನು ನುಡಿದ ನಿದರ್ಶನವೂ ಇದೆ. 1918ರ ಇನ್‌ಫ್ಲುಯೆಂಜಾ ಪಿಡುಗು ಭಾರತದಲ್ಲಿಯೇ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತು. ಅದಕ್ಕೆ ಸ್ವಲ್ಪ ಮೊದಲು, 1916-17ರ ಸುಮಾರಿಗೆ, ಹಿಡಿದ ಕೆಲವು ನೀರುಹಕ್ಕಿಗಳನ್ನು ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯವು ಮದ್ಯಸಾರದಲ್ಲಿ ಕಾಪಾಡಿತ್ತು. ಎಂಬತ್ತಕ್ಕೂ ಹೆಚ್ಚು ವರ್ಷಗಳ ತರುವಾಯ ವಿಜ್ಞಾನಿಗಳು ಅವುಗಳಲ್ಲಿ ಆ ಕಾಲದ ವೈರಸ್ಸಿನ ಕುರುಹನ್ನು ಕಂಡು, ಮನುಷ್ಯರನ್ನು ಕೊಂದ ವೈರಸ್ಸಿನೊಡನೆ ಹೋಲಿಸಿ ನೋಡಿದರು. ಆ ಹಕ್ಕಿಗಳನ್ನು ಸಂಗ್ರಹಿಸಿದವರಿಗೆ ಇಂಥ ಪರೀಕ್ಷೆಯ ಕಲ್ಪನೆಯೂ ಇದ್ದಿರಲಾರದು.

ಮುಂಬಯಿಯ ಸೊಸೈಟಿಯ ಸಂಗ್ರಹದಲ್ಲಿ 25 ಸಾವಿರಕ್ಕೂ ಹೆಚ್ಚು ಹಕ್ಕಿಗಳ ಮಾದರಿಗಳಿವೆ. ಸಲೀಂ ಅಲಿಯವರ ಸಮೀಕ್ಷೆಗಳ ಹಕ್ಕಿಗಳೂ ಅವುಗಳಲ್ಲಿ ಸೇರಿವೆ. ಆದರೆ ಯಂತ್ರವು ಚೀಟಿಯಲ್ಲಿ ಬರೆದುದನ್ನು ಮಾತ್ರ ಉಳಿಸಿಕೊಡಬಲ್ಲದು. ಬರೆಯದೆ ಬಿಟ್ಟುದನ್ನು ತುಂಬಿಕೊಡಲಾರದು, ತಪ್ಪಾಗಿ ಬರೆದುದನ್ನು ತಾನಾಗಿ ತಿದ್ದಲಾರದು. ಪದವಿಯಿಲ್ಲದೆ, ಸಂಬಳವಿಲ್ಲದೆ, ಕಾಡಿನ ಡೇರೆಯಲ್ಲಿ ದೀಪದ ಬೆಳಕಿನಲ್ಲಿ ಕುಳಿತು, ಕಂಡುದನ್ನು ಕಂಡಂತೆ ಬರೆದಿಟ್ಟ ಸಲೀಂ ಅಲಿಯವರ ನಿಷ್ಠೆ ಇಂದಿನ ಪೀಳಿಗೆಗೆ ಆದರ್ಶವಾಗಿದೆ.