ಬೆಳಕಿನ ಮರ್ಮವನ್ನರಿತ ಮ್ಯಾಕ್ಸ್‌ವೆಲ್

ಬಣ್ಣದ ಛಾಯಾಚಿತ್ರಗಳನ್ನು ನಾವು ದಿನವೂ ನೋಡುತ್ತೇವೆ. ಆದರೆ ಕ್ಯಾಮೆರಾದೊಳಕ್ಕೆ ಹೊಕ್ಕ ಬೆಳಕು ಬಣ್ಣದ ಚಿತ್ರವಾಗಿ ಹೊರಬರುವ ಬಗೆಯನ್ನು ಆಲೋಚಿಸುವವರು ನಮ್ಮಲ್ಲಿ ವಿರಳ. ಈ ವಿದ್ಯೆಗೆ ತಳಹದಿಯನ್ನು ಹಾಕಿದ ಮಹನೀಯನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ಆತನ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮ್ಯಾಕ್ಸ್‌ವೆಲ್ಲನು 1831ನೆಯ ಇಸವಿ ಜೂನ್ 13ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದನು. ಬಾಲ್ಯವನ್ನು ಕಳೆದುದು ಗ್ಲೆನ್‌ಲೇರ್ ಎಂಬಲ್ಲಿ, ತಂದೆಯ ಜಮೀನಿನ ಮನೆಯಲ್ಲಿ. ಕಂಡ ವಸ್ತುವೆಲ್ಲ ಹೇಗೆ ನಡೆಯುತ್ತದೆಂದು ಹಿರಿಯರನ್ನು ಕೇಳುವುದು ಅವನ ಸ್ವಭಾವ. ಅರೆಬರೆ ಉತ್ತರದಿಂದ ಅವನಿಗೆ ತೃಪ್ತಿಯಾಗುತ್ತಿರಲಿಲ್ಲ. ಎಂಟನೆಯ ವಯಸ್ಸಿನಲ್ಲಿ ಅವನಿಗೆ ಮಾತೃವಿಯೋಗವಾಯಿತು. ಹತ್ತನೆಯ ವಯಸ್ಸಿನಲ್ಲಿ ಎಡಿನ್‌ಬರೋ ಅಕಾಡೆಮಿಯನ್ನು ಸೇರಿದನು. ಮನೆಯಲ್ಲಿ ಹೊಲಿದ ಉಡುಪು, ಚೌಕಮೂತಿಯ ಬೂಟು, ಹಳ್ಳಿಯ ಉಚ್ಚಾರಣೆ ಇವನ್ನು ಕಂಡು ನಗರದ ಹುಡುಗರು ನಕ್ಕರು. ಮರುಳನೆಂಬ ಅರ್ಥದ ಅಡ್ಡಹೆಸರನ್ನಿಟ್ಟರು. ಪರನುಡಿಯ ನಗರದಲ್ಲಿ ಓದುತ್ತಿರುವ ನಮ್ಮಲ್ಲಿ ಕೆಲವರಿಗೆ ಅಂತಹ ನಗುವಿನ ಪರಿಚಯವಿರಬಹುದು. ಆದರೆ ಆ ಉಚ್ಚಾರಣೆ ಕೊನೆಯವರೆಗೂ ಅವನೊಡನೆ ಉಳಿಯಿತು. 1846ರಲ್ಲಿ, ಇನ್ನೂ ಹದಿನಾಲ್ಕು ವರ್ಷದವನಾಗಿದ್ದಾಗ, ಅಂಡಾಕಾರದ ವಕ್ರರೇಖೆಗಳನ್ನು ಕುರಿತ ಅವನ ಲೇಖನವನ್ನು ಎಡಿನ್‌ಬರೋದ ರಾಯಲ್ ಸೊಸೈಟಿಯಲ್ಲಿ ಪ್ರೊಫೆಸರರೊಬ್ಬರು ಅವನ ಪರವಾಗಿ ಮಂಡಿಸಿದರು.

1854ರಲ್ಲಿ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಎರಡನೆಯವನಾಗಿ ತೇರ್ಗಡೆ ಹೊಂದಿದ ಮೇಲೆ, ಬಣ್ಣಗಳ ಸಮಸ್ಯೆ ಅವನ ಮನಸ್ಸನ್ನು ಸೆಳೆಯಿತು. ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಅಡಗಿವೆಯೆಂದು ನ್ಯೂಟನ್ನನು ಪಟ್ಟಕದಿಂದ ತೋರಿಸಿದ್ದನು. ಕಣ್ಣು ಮೂರು ಬಗೆಯ ಸಂವೇದನೆಗಳಿಂದಲೇ ಎಲ್ಲ ಬಣ್ಣಗಳನ್ನೂ ಗ್ರಹಿಸುವುದೆಂದು ಥಾಮಸ್ ಯಂಗನು 1802ರಲ್ಲಿ ಊಹಿಸಿದ್ದನು. ಆ ಊಹೆಯನ್ನು ಅಳತೆಗೆ ಒಳಪಡಿಸಲು ಮ್ಯಾಕ್ಸ್‌ವೆಲ್ಲನು ಬಳಸಿದ ಉಪಕರಣವು ಒಂದು ಬುಗುರಿ! ಅದರ ಮೇಲೆ ಬಣ್ಣದ ಕಾಗದದ ಬಿಲ್ಲೆಗಳನ್ನು ಒಂದರೊಳಗೊಂದು ಸೇರಿಸಿ, ಯಾವ ಬಣ್ಣ ಎಷ್ಟು ಭಾಗ ಕಾಣಬೇಕೆಂದು ಗೊತ್ತುಮಾಡಿ ತಿರುಗಿಸುತ್ತಿದ್ದನು. ವೇಗದಲ್ಲಿ ಅವೆಲ್ಲ ಬೆರೆತು ಒಂದೇ ಬಣ್ಣವಾಗಿ ತೋರುವುವು.

ಇಲ್ಲೊಂದು ಸೋಜಿಗವುಂಟು. ಚಿತ್ರ ಬರೆಯುವಾಗ ನಾವು ಹಳದಿ ನೀಲಿಗಳನ್ನು ಕಲಸಿದರೆ ಹಸಿರಾಗುತ್ತದೆ. ಬುಗುರಿಯಲ್ಲಿಯಾದರೋ ಅವೆರಡೂ ಬೆರೆತರೆ ಹಸಿರು ಕಾಣುವುದೇ ಇಲ್ಲ. ಹಳದಿಯ ಪುಡಿ ನೀಲಿ ಬೆಳಕನ್ನು ಹೀರುತ್ತದೆ, ನೀಲಿಯ ಪುಡಿ ಕೆಂಪನ್ನು ಹೀರುತ್ತದೆ. ಎರಡೂ ಬಿಟ್ಟುಕೊಡುವುದು ಹಸಿರನ್ನು ಮಾತ್ರ. ಬುಗುರಿಯಲ್ಲಿ ಒಂದರ ಬೆಳಕಿಗೆ ಇನ್ನೊಂದರ ಬೆಳಕು ಕಣ್ಣಿನಲ್ಲಿ ಕೂಡಿಕೊಳ್ಳುತ್ತದೆ. ಕೆಂಪು, ಹಸಿರು, ನೀಲಿ ಬೆಳಕುಗಳನ್ನು ತಕ್ಕ ಪ್ರಮಾಣದಲ್ಲಿ ಕೂಡಿಸಿದರೆ ಬಿಳುಪು ದೊರಕುವುದು. ಕೆಂಪು ಹಸಿರುಗಳೆರಡೇ ಕೂಡಿದರೆ ಹಳದಿಯಾಗುವುದು.

ಆ ಕಾಲದ ಕ್ಯಾಮೆರಾ ಒಂದು ಕತ್ತಲೆಯ ಪೆಟ್ಟಿಗೆ. ಮುಂದಣ ಮಸೂರವು ಹೊರಗಿನ ದೃಶ್ಯವನ್ನು ತಲೆಕೆಳಗಾಗಿ ಹಿಂದಣ ಫಲಕದ ಮೇಲೆ ಬೀಳಿಸುವುದು. ಫಲಕಕ್ಕೆ ಬೆಳಕು ಕತ್ತಲೆಗಳ ಅರಿವಲ್ಲದೆ ಬಣ್ಣದ ಅರಿವಿರಲಿಲ್ಲ. ಮ್ಯಾಕ್ಸ್‌ವೆಲ್ಲನ ಸೂಚನೆಯಂತೆ ಥಾಮಸ್ ಸಟನ್ ಎಂಬ ಛಾಯಾಚಿತ್ರಕಾರನು ಒಂದು ಬಣ್ಣದ ಪಟ್ಟಿಯ ಚಿತ್ರವನ್ನು ಕೆಂಪು, ಹಸಿರು, ನೀಲಿ ದ್ರವಗಳ ಮೂಲಕ ಬೇರೆಬೇರೆಯಾಗಿ ತೆಗೆದನು. 1861ನೆಯ ಇಸವಿ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಆ ಚಿತ್ರಗಳನ್ನು ಆಯಾ ಬಣ್ಣದ ಬೆಳಕಿನಲ್ಲಿ ಒಂದೇ ತೆರೆಯ ಮೇಲೆ ಬೀಳಿಸಿದಾಗ, ಪಟ್ಟಿಯು ತನ್ನ ಬಣ್ಣಗಳೊಡನೆ ಮೂಡಿತು.

ಆ ಕಾಲದ ಫಲಕಗಳ ಮೇಲೆ ಕೆಂಪು ಬೆಳಕು ಪರಿಣಾಮ ಮಾಡುತ್ತಿರಲಿಲ್ಲ. ಹಾಗಾದರೆ ಕೆಂಪಿನ ಚಿತ್ರ ಮೂಡಿದುದೆಂತು? 1961ರಲ್ಲಿ ಕೊಡಕ್ ಕಂಪನಿಯ ಸಂಶೋಧಕರು ಇದಕ್ಕೆ ಉತ್ತರವನ್ನು ಕಂಡರು. ಪಟ್ಟಿಯ ಕೆಂಪು ಭಾಗಗಳು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಪ್ರತಿಫಲಿಸಿದ್ದುವು. ಕೆಂಪು ದ್ರವವು ಅವನ್ನು ತಡೆಯಲಿಲ್ಲ. ಫಲಕವು ಅವನ್ನು ಗ್ರಹಿಸಿತು. ಪ್ರಯೋಗಕ್ಕೆ ಅದೃಷ್ಟ ನೆರವಾಗಿತ್ತು. ತತ್ತ್ವವು ಮಾತ್ರ ನಿಜವೇ ಆಗಿತ್ತು. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿಯೂ ಬೆಳಕನ್ನು ಹಿಡಿಯುವ ಕಣಗಳ ಮೇಲೆ ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿ ಸೋಸುಪದರಗಳೇ ಇರುತ್ತವೆ.

ಮ್ಯಾಕ್ಸ್‌ವೆಲ್ಲನ ಕೀರ್ತಿಯ ಶಿಖರ ಇನ್ನೊಂದುಂಟು. ವಿದ್ಯುತ್ತು ಮತ್ತು ಕಾಂತತ್ವಗಳ ಅಲೆಯು ಎಷ್ಟು ವೇಗದಲ್ಲಿ ಹರಿಯಬೇಕೆಂದು ಅವನು ಲೆಕ್ಕ ಹಾಕಿದಾಗ, ಅದು ಬೆಳಕಿನ ವೇಗಕ್ಕೆ, ಎಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರಿಗೆ, ಸರಿಹೊಂದಿತು. ಬೆಳಕೂ ಅಂತಹುದೇ ಅಲೆಯೆಂದು ಅವನು ನಿರ್ಣಯಿಸಿದನು. 1871ರಲ್ಲಿ ಕೇಂಬ್ರಿಜ್ಜಿನ ಮೊದಲ ಕ್ಯಾವೆಂಡಿಷ್ ಪ್ರೊಫೆಸರನಾಗಿ, ಅಲ್ಲಿಯ ಹೆಸರಾಂತ ಪ್ರಯೋಗಶಾಲೆಯನ್ನು ಕಟ್ಟಿಸಿದನು. ತಾಯಿಯನ್ನು ಒಯ್ದ ವ್ಯಾಧಿಯೇ ಅವನನ್ನೂ ಹಿಡಿಯಿತು. 1879ನೆಯ ಇಸವಿ ನವೆಂಬರ್ 5ರಂದು, 48ನೆಯ ವಯಸ್ಸಿನಲ್ಲಿ, ಅವನು ಕಾಲವಾದನು. ಹರ್ಟ್ಸ್ ಎಂಬ ಜರ್ಮನ್ ವಿಜ್ಞಾನಿಯು ಅಂತಹ ಅಲೆಗಳನ್ನು ಪ್ರಯೋಗದಿಂದ ಸಿದ್ಧಪಡಿಸಿ ತೋರಿಸಿದುದು 1887-88ರಲ್ಲಿ. ಅದನ್ನು ನೋಡುವ ಭಾಗ್ಯ ಮ್ಯಾಕ್ಸ್‌ವೆಲ್ಲನಿಗೆ ಇರಲಿಲ್ಲ.

ಒಂದು ಬುಗುರಿ, ನಾಲ್ಕು ಬಣ್ಣದ ಕಾಗದಗಳು ನಮ್ಮಲ್ಲಿ ಯಾರಿಗೂ ದುರ್ಲಭವಲ್ಲ. ಅವನ್ನು ತಿರುಗಿಸಿ, ಕಂಡುದನ್ನು ಅಳೆದು, ಬರೆದಿಡುವ ಶ್ರದ್ಧೆಯನ್ನು ನಾವು ಮ್ಯಾಕ್ಸ್‌ವೆಲ್ಲನಿಂದ ಕಲಿಯಬೇಕಾಗಿದೆ.